ಬಾಯಮ್ಮನ ಜೌಗುನೆಲ

ಬಾಯಮ್ಮನ ಎಡಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಅದಿರಬೇಕಾದ ಜಾಗದಲ್ಲಿ ಮಾಗಿದ ಸುಟ್ಟಗಾಯದಂಥ ನುಣುಪು ಚರ್ಮ, ದೀಪದ ಬೆಳಕಿಗೆ ಹೊಳೆಯುತ್ತಿತ್ತು. ಡ್ಯೂಟಿ ಮುಗಿಸಿ ಬಂದು, ಬಿಳಿ ಶೂ ಕಳಚಿ, ನಮ್ಮ ಸೋಫಾದ ಮೇಲೆ ಕಾಲು ಮಡಿಚಿ ಕೂತರೆಂದರೆ ಮಾತಿನುದ್ದಕ್ಕೂ ಆ ಬೆರಳನ್ನು ಸವರುತ್ತಲೇ ಇರುತ್ತಿದ್ದರು. "ಇದನ್ನು ಮರಳು ತಿಂದದ್ದು" ಎಂದು ಒಮ್ಮೆ ನಗುತ್ತಾ ಹೇಳಿದ್ದರು. ಯುದ್ಧದ ವರ್ಷ ಎಲ್ಲರೂ ಕುವೈತ್ ಬಿಟ್ಟು ಓಡಿದಾಗ, ಬಸ್ಸು ಕೆಟ್ಟು ನಿಂತ ಕಡೆಯಿಂದ ನಿರಾಶ್ರಿತರ ಡೇರೆಗಳವರೆಗೆ ಹರಿದ ಚಪ್ಪಲಿಯಲ್ಲಿ ನಡೆದಿದ್ದರಂತೆ. ಅದಕ್ಕಿಂತ ಹೆಚ್ಚಿಗೆ ಆಗ ಹೇಳಲಿಲ್ಲ.

ನಾನು ಮದುವೆಯಾಗಿ ಕುವೈತಿನ ಮಂಗಫ್‌ಗೆ ಬಂದದ್ದು ಆ ಯುದ್ಧ ಮುಗಿದು ಕೆಲವು ವರ್ಷಗಳ ಮೇಲೆ. ನನ್ನವರು ಬೆಳಕು ಹರಿಯುವ ಮೊದಲೇ ಕಂಪನಿ ಬಸ್ಸಿನಲ್ಲಿ ಮೀನಾ ಅಬ್ದುಲ್ಲಾದ ಎಣ್ಣೆ ಶುದ್ಧೀಕರಣ ಘಟಕಕ್ಕೆ ಹೋದರೆ ಸಂಜೆಯೇ ಬರುತ್ತಿದ್ದದ್ದು. ಬಾಯಮ್ಮ ನಮ್ಮ ಮೇಲಿನ ಮಹಡಿಯವರು, ಹೆರಿಗೆ ವಾರ್ಡಿನ ನರ್ಸು, ಮನೆಮಾತು ಕೊಂಕಣಿ. ನಮ್ಮ ಕರಾವಳಿಯಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ಇಡೀ ಕಟ್ಟಡ ಅವರನ್ನು ಬಾಯಮ್ಮ ಎನ್ನುತ್ತಿತ್ತು. ಕೆಳಗಿನ ಬಕಾಲಾ ಎಂಬ ದಿನಸಿ ಅಂಗಡಿಯ ಬ್ಯಾರಿ ಸಾಯ್ಬರೂ ಅಷ್ಟೆ, ಮಹಡಿ ಮೆಟ್ಟಿಲು ತೊಳೆಯುವ ಬಂಗಾಳಿಯೂ ಅಷ್ಟೆ.

ನನ್ನ ಎರಡನೆಯ ಚಳಿಗಾಲದಲ್ಲಿ, ದಿನ ತುಂಬುವುದಕ್ಕೆ ಮೊದಲೇ, ಮಗು ಹೊಟ್ಟೆಯಲ್ಲೇ ತೀರಿಕೊಂಡಿತು. ಹೆರಿಗೆಯ ಹೊತ್ತಿಗೆ ಬಾಯಮ್ಮನದೇ ಡ್ಯೂಟಿ. ಮಗುವನ್ನು ಒರೆಸಿ, ಹಸಿರು ಬಟ್ಟೆಯಲ್ಲಿ ಸುತ್ತಿ ತಂದರು. ನಾನು ಗೋಡೆಯ ಕಡೆ ಹೊರಳಿದೆ.

"ನೋಡು" ಎಂದರು.

"ನನ್ನಿಂದ ಆಗುದಿಲ್ಲ ಬಾಯಮ್ಮ."

"ಆಗ್ತದೆ. ಮುಖ ಒಮ್ಮೆ ನೋಡು ಮಗಾ. ನೋಡದೆ ಬಿಟ್ರೆ ಜೀವಮಾನ ಇಡೀ ಹುಡುಕ್ತಾ ಇರ್ತಿ."

ಅವರ ದನಿಯಲ್ಲಿ ಏನೋ ಇತ್ತು, ತಿರುಗಿ ನೋಡಿದೆ. ಗಂಡುಮಗು. ನಿದ್ದೆಹೋದಂತೆ ಇತ್ತು. ಬಾಯಮ್ಮನದು ತೀರಾ ಕಠಿಣ ಮಾತೆಂದು ಆಗ ಅನಿಸಿತ್ತು. ಅವರಿಗೆ ಆ ಮಾತು ಎಲ್ಲಿಂದ ಬಂತೆಂದು ತಿಳಿದದ್ದು ಆಮೇಲೆ.

ಮನೆಗೆ ಬಂದವಳು ಹಾಸಿಗೆ ಹಿಡಿದೆ. ಪರದೆ ಸರಿಸುತ್ತಿರಲಿಲ್ಲ, ತಲೆ ಬಾಚುತ್ತಿರಲಿಲ್ಲ. ನನ್ನವರು ಊರಿಗೆ ಕಳಿಸುವ ಮಾತೆತ್ತಿದರು. ಊರಿಗೆ ಹೋದರೆ ಇನ್ನು ತಿರುಗಿ ಬರುವವಳಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಒಂದು ಶುಕ್ರವಾರ ಬೆಳಿಗ್ಗೆ ಬಾಯಮ್ಮ ಬಾಗಿಲು ತಟ್ಟದೆಯೇ ಒಳಗೆ ಬಂದರು. ತಲೆಗೆ ಸ್ಕಾರ್ಫು, ಮೈಗೆ ಗಂಡಸರ ಹಳೆಯ ಜಾಕೆಟ್ಟು.

"ಏಳು. ಚಪ್ಪಲಿ ಬೇಡ, ಶೂ ಹಾಕು. ಸಾಯ್ಬ್ರು ಗಾಡಿ ಶುರು ಮಾಡಿ ನಿಂತಿದ್ದಾರೆ."

"ಎಲ್ಲಿಗೆ?"

"ಕೆಸರಿಗೆ" ಎಂದರು.

ಸಾಯ್ಬರು ಪ್ರತಿ ಶುಕ್ರವಾರ ಅಂಗಡಿಗೆ ತರಕಾರಿ ತರಲು ಉತ್ತರದ ಅಬ್ದಲಿ ತೋಟಗಳಿಗೆ ಪಿಕಪ್ಪಿನಲ್ಲಿ ಹೋಗುತ್ತಿದ್ದರು. ದಾರಿಯಲ್ಲಿ ಜಹ್ರಾದ ಹತ್ತಿರ ಬಾಯಮ್ಮನನ್ನು ಇಳಿಸುವುದು, ಜುಮ್ಮಾ ನಮಾಜಿಗೆ ಮೊದಲು ಬರುವಾಗ ಹತ್ತಿಸಿಕೊಳ್ಳುವುದು, ಅದು ಚಳಿಗಾಲದ ವಾಡಿಕೆ. ಆ ದಿನ ನನ್ನನ್ನು ನಡುವೆ ಕೂರಿಸಿಕೊಂಡರು. ದಾರಿಯುದ್ದಕ್ಕೂ ಸಾಯ್ಬರದು ಒಂದೇ ವರಾತ: "ಬಾಯಮ್ಮಾ, ಜನ ಶುಕ್ರವಾರ ಬೀಚಿಗೆ ಹೋಗ್ತಾರೆ, ಮಾಲಿಗೆ ಹೋಗ್ತಾರೆ. ನೀವು ಈ ಹುಡುಗಿಯನ್ನೂ ಸೊಳ್ಳೆ ಕಚ್ಚಿಸ್ಲಿಕ್ಕೆ ಕರ್ಕೊಂಡು ಹೋಗುದಾ ಮಾರಾಯ್ರೆ?"

ಇಳಿದ ಜಾಗದಲ್ಲಿ ಮೊದಲು ಕಂಡದ್ದು ಉಪ್ಪು. ಸಮುದ್ರದ ಕಡೆಗೆ ನೆಲವೆಲ್ಲ ಬಿಳಿಯ ಹೊಪ್ಪಳೆ ಎದ್ದು ಬಿರುಕುಬಿಟ್ಟಿತ್ತು. ಅದರಾಚೆ, ಮರಳುಗಾಡಿನ ನಡುವೆ ಯಾರೋ ಮರೆತು ಬಿಟ್ಟುಹೋದಂತೆ ಆಳೆತ್ತರದ ಜೊಂಡು. ಗಾಳಿಗೆ ಅಷ್ಟೂ ಜೊಂಡು ಒಟ್ಟಿಗೆ ಬಾಗಿ ಒಟ್ಟಿಗೆ ಏಳುತ್ತಿತ್ತು. ಜಹ್ರಾ ಪಟ್ಟಣದ ಕೊಳಚೆಯನ್ನು ಶುದ್ಧಮಾಡಿ ಬಿಡುವ ನೀರು ಅಲ್ಲಿಗೆ ಬರುತ್ತಿದ್ದರಿಂದ ಗಾಳಿ ತಿರುಗಿದರೆ ಸಣ್ಣ ವಾಸನೆ. ಯುದ್ಧದಲ್ಲಿ ಟ್ಯಾಂಕುಗಳು ಉತ್ತುಹಾಕಿ, ಎಣ್ಣೆಬಾವಿಗಳ ಮಸಿ ಬಿದ್ದು ಕರ್ರಗಾಗಿದ್ದ ಜೌಗು ಅದು. ಸಿಡಿಗುಂಡುಗಳನ್ನು ಹೆಕ್ಕಿ ತೆಗೆದು, ಬೇಲಿ ಹಾಕಿ, ನೀರು ಬಿಟ್ಟು ಮತ್ತೆ ಉಳಿಸಿಕೊಂಡಿದ್ದರು. ಆದರೂ ಬಾಯಮ್ಮನ ಕಟ್ಟಪ್ಪಣೆ ಒಂದಿತ್ತು: ಹಳೆಯ ಗಾಡಿಜಾಡು ಬಿಟ್ಟು ಕಾಲಿಡಕೂಡದು. "ನೆಲ ಮರ್ತಿರ್ತದೆ, ಕಬ್ಬಿಣ ಮರೆಯುದಿಲ್ಲ" ಎನ್ನುತ್ತಿದ್ದರು.

ನಡೆಯುವಾಗ ಸಮಾಧಾನದ ಒಂದು ಮಾತನ್ನೂ ಅವರು ಆಡಲಿಲ್ಲ. ಬದಲಿಗೆ ಹಕ್ಕಿಗಳ ಪರಿಚಯ ಮಾಡಿಸಿದರು. ಹಕ್ಕಿಗಳ ನಿಜವಾದ ಹೆಸರು ಅವರಿಗೆ ಒಂದೂ ಗೊತ್ತಿರಲಿಲ್ಲ. ನೀರಿನಂಚಿಗೆ ಕತ್ತು ನೀಟಿ ನಿಂತ ಬೂದು ಕೊಕ್ಕರೆ ಅವರಿಗೆ ನರ್ಸುಗಳ ಮೇಲಿನ ಮೇಟ್ರನ್. ಕೆಂಪು ಕಾಲುಗಳನ್ನು ಎತ್ತಿಡುತ್ತಾ ಓಡಾಡುವ ಕಪ್ಪುಬಿಳಿ ಹಕ್ಕಿಗಳು ಹೊಸದಾಗಿ ಸೇರಿದ ನರ್ಸ್ ಹುಡುಗಿಯರು. "ನೋಡು, ಮೇಟ್ರನ್ ಹಿಂದೆ ತಿರುಗಿದ್ರೆ ಸಾಕು, ಎಲ್ಲಾ ಕೆಲ್ಸ ಮಾಡಿದ ಹಾಗೆ ತಲೆ ಬಗ್ಗಿಸ್ತವೆ." ದೂರದ ಕೆಸರುಬಯಲಲ್ಲಿ ರಾಜಹಂಸಗಳ ನಸುಗೆಂಪು ಗೆರೆ. ಅವು ಡಾಕ್ಟರುಗಳಂತೆ. "ಹತ್ರ ಬರುದೇ ಇಲ್ಲ" ಎಂದರು. ಅದೆಷ್ಟು ದಿನಗಳ ಮೇಲೋ ನನಗೆ ನಗು ಬಂತು. ಆ ದಿನ ಮನೆಗೆ ಬಂದು ಅನ್ನ ಬೇಯಿಸಿದೆ.

ಹಾಗೆ ಶುಕ್ರವಾರಗಳು ಶುರುವಾದವು. ಚಳಿ ಹಿಂದೆ ಸರಿಯುತ್ತಿದ್ದ ಒಂದು ಬೆಳಿಗ್ಗೆ, ಜಾಡಿನ ಪಕ್ಕದಲ್ಲೇ ಪುಟ್ಟ ಮಣ್ಣುಬಣ್ಣದ ಹಕ್ಕಿಯೊಂದು ರೆಕ್ಕೆ ಮುರಿದಂತೆ ನೆಲಕ್ಕೆ ಎಳೆಯುತ್ತಾ ಕುಂಟುತ್ತಾ ಹೋಯಿತು. ಅದನ್ನು ಎತ್ತಿಕೊಳ್ಳಬೇಕೆಂದು ನಾನು ಹಿಂದೆಯೇ ಹೋದೆ. ಅದು ಇನ್ನಷ್ಟು ಮುಂದೆ ಹೋಗಿ ಮತ್ತೆ ಬಿತ್ತು. ಮೊಟ್ಟೆಯಿರುವ ಜಾಗದಿಂದ ನಮ್ಮನ್ನು ದೂರ ಒಯ್ಯಲು ಆ ತಾಯಿ ಹೂಡಿದ ಆಟ ಅದು ಎಂದು ನನಗೇನು ಗೊತ್ತು? ನಾನು ಜಾಡು ಬಿಟ್ಟು ಬಹುದೂರ ಬಂದಿದ್ದೆ.

"ನಿಲ್ಲು! ಅಲ್ಲೇ ನಿಲ್ಲು!" ಬಾಯಮ್ಮ ಕೂಗುತ್ತಾ ನನ್ನ ಕಡೆಗೆ ನೇರವಾಗಿ ಓಡಿ ಬಂದರು. ಉಪ್ಪಿನ ಹೊಪ್ಪಳೆ ನನ್ನ ಭಾರ ತಡೆದುಕೊಂಡಿತ್ತು, ಅವರ ಭಾರಕ್ಕೆ ಒಡೆಯಿತು. ಕಣ್ಣೆದುರೇ ತೊಡೆಯವರೆಗೆ ಹೂತುಹೋದರು.

ವಾರ್ಡಿನಲ್ಲಿ ಎಂಥ ರಕ್ತಕ್ಕೂ ಅಳುಕದ ಹೆಂಗಸು ಅಲ್ಲಿ ಮಗುವಿನ ಹಾಗೆ ಕಿರುಚಿದರು. ಕೊಂಕಣಿಯಲ್ಲಿ ಒಂದು ಹೆಸರು ಹಿಡಿದು ಕರೆದರು, ಗಂಡಸಿನ ಹೆಸರು. ನಾನು ಬೋರಲು ಮಲಗಿ, ದುಪಟ್ಟಾದ ಒಂದು ತುದಿ ಎಸೆದು, ತೆವಳಿ ಹತ್ತಿರ ಹೋದೆ. ಅವರು ದುಪಟ್ಟಾ ಹಿಡಿಯಲಿಲ್ಲ.

"ಕಾಲಿಗೆ ಎಂತದೋ ತಾಗ್ತಾ ಉಂಟು" ಎಂದರು. "ಅವರೇ. ಅವರ ಎಲುಬು. ನಾನು ತುಳಿದೆ."

ಗುಂಡೋ ಕಬ್ಬಿಣವೋ ಆಗಿದ್ದರೆ ಎಂಬ ಯೋಚನೆ ಬಂತು. ಬಂದರೂ ಕೈ ಇಳಿಸಿದೆ. ತಣ್ಣನೆಯ ಕರಿಕೆಸರಿನಲ್ಲಿ ಅವರ ಕಾಲ ಬದಿಯಲ್ಲೇ ಬೆರಳ ಗಾತ್ರದ್ದೇನೋ ಸಿಕ್ಕಿತು. ಗೆಣ್ಣು ಗೆಣ್ಣಾಗಿತ್ತು. ಎಳೆದೆ. ಬಿಳಿಯ ಬೇರು, ಒಂದು ಗೆಣ್ಣಿನಲ್ಲಿ ಹಸಿರು ಮೊಳಕೆ.

"ಜೊಂಡಿನ ಬೇರು ಬಾಯಮ್ಮ. ನೋಡಿ. ಬೇರು ಅಷ್ಟೆ."

ಅದನ್ನು ಕೈಯಲ್ಲಿ ಹಿಡಿದು ನೋಡಿದರು. ಆಮೇಲೆ ದುಪಟ್ಟಾ ಹಿಡಿದರು. ಇಬ್ಬರೂ ಜಾಡಿಗೆ ಬಂದು ಕೂತಾಗ ಅವರ ಒಂದು ಶೂ ಕೆಸರಿನಲ್ಲೇ ಉಳಿದಿತ್ತು. ಅಲ್ಲಿ ಕೂತೇ ಹೇಳಿದರು.

ಅವರ ಗಂಡ ಗ್ಯಾರೇಜಿನಲ್ಲಿ ಮೆಕ್ಯಾನಿಕ್ಕು. ಎಲ್ಲರೂ ಓಡುವಾಗ ಹೆಂಡತಿಯನ್ನು ಬಸ್ಸು ಹತ್ತಿಸಿ, "ನೀನು ನಡಿ, ನಾನು ಹಿಂದೆಯೇ ಬರ್ತೇನೆ" ಎಂದವರು ಬರಲಿಲ್ಲ. ನೀರಿನ ಟ್ಯಾಂಕರು ಓಡಿಸಿಕೊಂಡು ಜಹ್ರಾದ ಕಡೆ ಹೋಗುವುದನ್ನು ಯಾರೋ ನೋಡಿದ್ದರಂತೆ. ಅದೇ ಕೊನೆ. ಯುದ್ಧ ಮುಗಿದು ಆಸ್ಪತ್ರೆಗಳಿಗೆ ನರ್ಸುಗಳು ಬೇಕೆಂದಾಗ, ತವರಿನವರು ಎಷ್ಟು ತಡೆದರೂ, ಬಾಯಮ್ಮ ತಿರುಗಿ ಬಂದರು. ಬಂದದ್ದು ಕೆಲಸಕ್ಕಲ್ಲ.

"ಮೊದಮೊದಲು ನೆಲ ನೋಡಿಕೊಂಡೇ ನಡೀತಿದ್ದೆ" ಎಂದರು. "ಒಂದು ಬಟನ್, ಒಂದು ವಾಚು, ಎಂತಾದ್ರೂ ಸಿಗ್ತದಾ ಅಂತ. ಎಲ್ಲಾ ಕಪ್ಪು. ಹುಲ್ಲು ಸಹ ಇಲ್ಲ. ಹಾಗೆ ನಡೆದು ನಡೆದು ಒಂದು ದಿನ ಕುತ್ತಿಗೆ ನೋವಾಯ್ತು ಅಂತ ತಲೆ ಎತ್ತಿದೆ. ನೋಡ್ತೇನೆ, ಜೊಂಡು ಬಂದಿತ್ತು. ನನಗೆ ಗೊತ್ತೇ ಆಗಿರ್ಲಿಲ್ಲ."

"ಈಗ್ಲೂ ಹುಡುಕ್ತೀರಾ?"

"ಈಗ ನಡೀತೇನೆ" ಎಂದರು. "ಅಷ್ಟೆ. ನಡಿ, ಸಾಯ್ಬ್ರಿಗೆ ಜುಮ್ಮಾ ತಪ್ಪಿಸುದು ಬೇಡ."

ಒಂದು ಕಾಲಿಗೆ ಶೂ, ಒಂದು ಕಾಲಿಗೆ ಸುತ್ತಿದ ನನ್ನ ದುಪಟ್ಟಾ, ಮೈಯೆಲ್ಲ ಕೆಸರು. ಸಾಯ್ಬರು ಬೈಯಲು ಬಾಯಿ ತೆರೆದವರು ನಮ್ಮ ಮುಖ ನೋಡಿ ಗಾಡಿಯಿಂದ ಇಳಿದರು. ಸೀಟಿನ ಮೇಲೆ ಕೊತ್ತಂಬರಿಯ ಖಾಲಿ ಗೋಣಿ ಹಾಸಿ, "ಕೂತ್ಕೊಳ್ಳಿ" ಎಂದರು.

ಕೆಲವು ವರ್ಷಗಳ ಮೇಲೆ ನನಗೆ ಮಗಳು ಹುಟ್ಟಿದಳು. ಅವಳನ್ನು ಮೊದಲು ಕೈಯಲ್ಲಿ ಹಿಡಿದವರು ಬಾಯಮ್ಮ. ನಡೆಯಲು ಕಲಿತ ಮೇಲೆ ಅವಳೂ ಜೌಗಿಗೆ ಬಂದಳು. ಬಾಯಮ್ಮ ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ಇಂಗ್ಲಿಷಿನಲ್ಲಿ. ಕೊಕ್ಕರೆಗೆ ಮಾತ್ರ ಶಾಲೆಯಲ್ಲೂ ಮೇಟ್ರನ್ ಎಂದೇ ಹೇಳಿ ಟೀಚರಿನಿಂದ ತಿದ್ದಿಸಿಕೊಂಡು ಬಂದಿದ್ದಳು.

ಬಾಯಮ್ಮನಿಗೆ ನಿವೃತ್ತಿಯ ವಯಸ್ಸಾಯಿತು. ಕೆಲಸ ಮುಗಿದರೆ ಅಲ್ಲಿರುವ ಪರವಾನಗಿ ಇಕಾಮಾ ಮುಗಿಯಿತು, ಇಕಾಮಾ ಮುಗಿದರೆ ಊರು. ಅಲ್ಲಿಯ ನಿಯಮವೇ ಹಾಗೆ. "ಖಲಾಸ್" ಎಂದು ಬಾಯಮ್ಮ ಎರಡೂ ಕೈ ಝಾಡಿಸಿದರು. ಹೊರಡುವ ಮುಂಚಿನ ಶುಕ್ರವಾರ ಜೌಗಿನ ಸುತ್ತು ಮುಗಿಸಿ, ಯಾರಿಗೂ ಕಾಣಬಾರದೆಂಬಂತೆ ಬೆನ್ನು ತಿರುಗಿಸಿ ನಿಂತು ಶಿಲುಬೆಯ ಗುರುತು ಮಾಡಿಕೊಂಡರು. ಗೋರಿಯಿಲ್ಲದ ಗಂಡನಿಗೆ ಅದೇ ಗೋರಿಯಾಗಿತ್ತು ಎಂದು ನನಗೆ ಹೊಳೆದದ್ದು ಆಗ.

ಊರಿನಲ್ಲಿ ತಂಗಿಯ ಮಗಳ ಮನೆಯಲ್ಲಿದ್ದರು. ಅಲ್ಲಿ ಮಕ್ಕಳು ಮರಿ, ತುಂಬಿದ ಮನೆ. ರಜೆಗೆ ಹೋದಾಗಲೆಲ್ಲ ನೋಡಿ ಬರುತ್ತಿದ್ದೆ. ಕೊನೆಯ ಸಲ ಹೋದಾಗ ಹಾಸಿಗೆಯಲ್ಲಿದ್ದರು, ಗುರುತು ಚೆನ್ನಾಗಿ ಸಿಕ್ಕಿತು. ಕೇಳಿದ ಮೊದಲ ಪ್ರಶ್ನೆಯೇ, "ನೀರು ಹೇಗುಂಟು?"

ಆ ವರ್ಷ ಜೌಗಿಗೆ ಬರುವ ನೀರು ನಿಂತಿತ್ತು. ಜೊಂಡು ಒಣಗಿ ಹಳದಿಯಾಗಿ, ಕೊಳದ ತಳ ಬಿರುಕುಬಿಟ್ಟಿತ್ತು. ಚೆನ್ನಾಗಿದೆ ಎನ್ನಬಹುದಿತ್ತು. ಆದರೆ ಸತ್ತ ಮಗುವಿನ ಮುಖ ತೋರಿಸಿದವರಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಒಣಗಿದೆ ಬಾಯಮ್ಮ."

"ಬರ್ತದೆ" ಎಂದರು. "ಅಷ್ಟು ಸುಟ್ಟ ಮೇಲೂ ಬಂದದ್ದಲ್ವಾ."

ಮುಂದಿನ ವರ್ಷ ಕ್ರಿಸ್ಮಸ್ಸಿಗೆ ಮೊದಲು ತಂಗಿಯ ಮಗಳು ಫೋನು ಮಾಡಿದಳು. ಬಾಯಮ್ಮ ಹೋಗಿಬಿಟ್ಟಿದ್ದರು. ಮಣ್ಣು ಮಾಡುವ ಹೊತ್ತಿಗೆ ನಾನು ತಲುಪುವಂತಿರಲಿಲ್ಲ. ಹೇಗಾಯಿತೆಂದು ಕೇಳಿದೆ.

"ನೋವೇನೂ ಪಡ್ಲಿಲ್ಲ ಆಂಟಿ" ಎಂದಳು. "ಆದ್ರೆ ಕೊನೇ ವಾರ ಯಾರು ಬಂದ್ರೂ ಒಂದೇ ಕೇಳುದು, ನೀರು ಬಂತಾ, ನೀರು ಬಂತಾ ಅಂತ. ನಾವು ನಳ್ಳಿ ನೀರು ಅಂದ್ಕೊಂಡು, ಬಂತು, ಟಾಂಕಿ ತುಂಬಿದೆ ಅಂದೆವು. ಹಾಗಾದ್ರೆ ಸರಿ ಅಂತ ಕಣ್ಣು ಮುಚ್ಚಿಕೊಂಡ್ರು. ಅದೆಂತ ನೀರು ಆಂಟಿ?"

ನಾನು ಹೇಳತೊಡಗಿದೆ. ಉಪ್ಪಿನ ಹೊಪ್ಪಳೆ, ಜೊಂಡು, ಅವಳ ದೊಡ್ಡಪ್ಪನಿಗಾಗಿ ನಡೆದ ಹುಡುಕಾಟ, ಎಲ್ಲವನ್ನೂ. ಅವಳಿಗೆ ಅದೊಂದೂ ಗೊತ್ತಿರಲಿಲ್ಲ. ಹಿಂದಿನ ಶುಕ್ರವಾರವಷ್ಟೇ ನಾನು ಮಗಳೊಂದಿಗೆ ಜಹ್ರಾಕ್ಕೆ ಹೋಗಿ ಬಂದಿದ್ದೆ. ಕಾಲುವೆಯಲ್ಲಿ ನೀರು ಬಿಟ್ಟಿದ್ದರು. ಕೊಳ ಅರ್ಧ ತುಂಬಿತ್ತು, ಒಣಗಿದ ಜೊಂಡಿನ ಬುಡದಲ್ಲಿ ಹಸಿರು ಕಾಣುತ್ತಿತ್ತು. ಊರಿಗೆ ಫೋನು ಮಾಡಿ ಹೇಳಬೇಕೆಂದುಕೊಂಡಿದ್ದೆ, ಅಷ್ಟರಲ್ಲಿ ಇದು.

ಅವರಿಗೆ ಯಾರೂ ಸುಳ್ಳು ಹೇಳಿರಲಿಲ್ಲ.