ನೆಗ್ಗಿಲ ಕಷಾಯ ಮತ್ತು ಬಾಗಿಲ ಪಕ್ಕದ ಸೀಟು

ಮೊನ್ನೆ ಗದ್ವಾಲದ ಆಸ್ಪತ್ರೆಗೆ ಹೋಗುವ ಬಸ್ಸು ತಪ್ಪಬಹುದಿತ್ತು. ಸಿಕ್ಕಿದರೂ ಜುರಾಲಾ ಅಣೆಕಟ್ಟಿನ ಮೇಲೆ ಕೆಟ್ಟು ನಿಲ್ಲಬಹುದಿತ್ತು. ಸ್ಕ್ಯಾನಿಂಗಿಗೆಂದು ಹೊಟ್ಟೆ ಬಿರಿಯೆ ಕುಡಿದ ನೀರು ನನ್ನ ಸರದಿಗೆ ಮುಂಚೆಯೇ ತನ್ನ ಸರದಿ ಕೇಳಬಹುದಿತ್ತು. ಸ್ಕ್ಯಾನಿಂಗ್ ಮಾಡುವ ಹುಡುಗಿ ಪರದೆ ನೋಡುತ್ತ ನೋಡುತ್ತ ಒಮ್ಮೆಲೇ ಮಾತು ನಿಲ್ಲಿಸಬಹುದಿತ್ತು. ಡಾಕ್ಟರು ಕನ್ನಡಕ ತೆಗೆದಿಟ್ಟು, “ಮನಿಯವರು ಯಾರರ ಬಂದಾರೇನ್ರಿ?” ಎನ್ನಬಹುದಿತ್ತು. ಕಲ್ಲು, ಗಡ್ಡೆ, ಕ್ಯಾನ್ಸರು, ಕಿಡ್ನಿ… ಅದರ ಹಿಂದಿನ ವಾರವೆಲ್ಲ ಒಂದೊಂದನ್ನೂ ಪೂರ್ತಿ ಅನುಭವಿಸಿ ಮುಗಿಸಿದ್ದೆ. ಒಂದು ಮಧ್ಯಾಹ್ನವಂತೂ ಊಟ ಮಾಡಿ ಅಡ್ಡಾದವನು ನಾನು ಸತ್ತ ಮೇಲೆ ದಿನಕರ್ಮದ ಅಡುಗೆಗೆ ಯಾರನ್ನು ಕರೆಸಬೇಕೆಂದೂ ಗೊತ್ತುಮಾಡಿಕೊಂಡಿದ್ದೆ.

ಇದ್ಯಾವುದೂ ಆಗಲಿಲ್ಲ. ಪ್ರಾಸ್ಟೇಟ್ ಗ್ರಂಥಿ ವಯಸ್ಸಿಗೆ ತಕ್ಕಷ್ಟು ದೊಡ್ಡದಾಗಿದೆ, ಸದ್ಯಕ್ಕೆ ಮಾತ್ರೆ ಸಾಕು ಎಂದರು. ಹಗುರಾಗಿ ಹೊರಗೆ ಬಂದರೆ ಆಸ್ಪತ್ರೆಯ ಅಂಗಳದಲ್ಲಿ ಚಪ್ಪಲಿಯ ಅಡಿಗೆ ಏನೋ ಚುಚ್ಚಿತು. ಬಗ್ಗಿ ಕಿತ್ತು ನೋಡಿದೆ. ನೆಗ್ಗಿಲ ಮುಳ್ಳು! ಅದರ ಬೆನ್ನಿಗೇ ಮಕ್ತಲದ ನಮ್ಮ ಓಣಿ, ಪಕ್ಕದ ಮನೆಯ ಒಲೆ, ಅದರ ಮೇಲೆ ಕುದಿಯುವ ಕಷಾಯದ ಒಗರು ವಾಸನೆ, ಎದುರಿಗೆ ತುದಿಗಾಲಲ್ಲಿ ಕೂತ ಕಾಕಾ…

ರಕ್ತಸಂಬಂಧವೇನೂ ಇರಲಿಲ್ಲ. ಎರಡು ಮನೆಗೂ ಗೋಡೆ ಒಂದೇ, ಆದ್ದರಿಂದ ಕಾಕಾ. ನಾರಾಯಣಪೇಟೆಯ, ಗದ್ವಾಲದ ನೇಕಾರರ ಮನೆಗಳಿಂದ ಸೀರೆ ತಂದು ಅಂಗಡಿಗಳಿಗೆ ಕೊಡುವ ವ್ಯಾಪಾರ ಅವರದು. ಬದುಕೆಲ್ಲ ಬಸ್ಸಿನಲ್ಲಿ. ಆದರೆ ಅರವತ್ತು ದಾಟಿದ ಮೇಲೆ ಅವರ ಮೂತ್ರಕ್ಕೂ ಬಸ್ಸಿನ ವೇಳೆಗೂ ಹೊಂದಾಣಿಕೆ ತಪ್ಪಿತು. ಯಾವ ಡ್ರೈವರು ಎಲ್ಲಿ ಚಹಾಕ್ಕೆ ಇಳಿಯುತ್ತಾನೆ, ಎಲ್ಲಿ ಜಾಲಿಯ ಮರೆ ಇದೆ, ಎಲ್ಲಿ ಬರೀ ಬಯಲು, ಇವೆಲ್ಲ ಅವರಿಗೆ ಸೀರೆಯ ಅಂಚಿನಷ್ಟೇ ಬಾಯಿಪಾಠ. ಬಸ್ಸು ನಿಲ್ದಾಣಕ್ಕೆ ತಿರುಗುತ್ತಿದ್ದಂತೆ ಓಡಿ, ಕಿಟಕಿಯಿಂದ ಟವೆಲ್ ಎಸೆದು, ಬಾಗಿಲ ಪಕ್ಕದ ಸೀಟು ಹಿಡಿಯುತ್ತಿದ್ದರು. ನಾನು ಜೊತೆಗಿದ್ದರೆ ಆ ಟವೆಲ್ ಎರಡು ಸೀಟಿನ ಮೇಲೆ ಬೀಳುತ್ತಿತ್ತು. ಅಂಚಿನದು ಅವರಿಗೆ, ಕಿಟಕಿಯದು ನನಗೆ.

ಜುರಾಲಾ ದಾಟುವುದೇ ದೊಡ್ಡ ಪರೀಕ್ಷೆ. ಗೇಟು ಎತ್ತಿದ್ದರಂತೂ ಮುಗಿಯಿತು. ಧೋ ಎಂದು ಬೀಳುವ ನೀರಿನ ಸದ್ದು ಕೇಳದಿರಲೆಂದು ಅದೇ ಟವೆಲನ್ನು ಕಿವಿಗೆ ಸುತ್ತಿ, ಕಣ್ಣು ಮುಚ್ಚಿ ಶಿವನಾಮ ಜಪಿಸುತ್ತಿದ್ದರು. ಪಕ್ಕದವರು ಭಕ್ತಿಯೆಂದು ತಿಳಿದು ತಾವೂ ಕೈಮುಗಿದದ್ದುಂಟು.

ಔಷಧಿ ಮಾತ್ರ ನೆಗ್ಗಿಲ ಮುಳ್ಳಿನ ಕಷಾಯ, ಮೇಲೊಂದು ಹಿಡಿ ಕುಂಬಳದ ಬೀಜ. ಧರೂರಿನ ಕಡೆ ಇಳಿದಾಗಲೆಲ್ಲ ಹೊಲದ ಬದುವಿನಲ್ಲಿ ಮುಳ್ಳು ಆರಿಸಿ ತರುತ್ತಿದ್ದರು. “ಧಾರಿ ಹೆಂಗ ಬರ್ತೈತಿ ಅಂತಿ ತಮ್ಮಾ, ಹರೇದ ಹುಡುಗರಿಗೂ ಹಂಗ ಬರಂಗಿಲ್ಲ!” ಎನ್ನುತ್ತಿದ್ದರು. ಒಳಗಿನಿಂದ ಅವರ ಹೆಂಡತಿ, ನಮ್ಮ ಕಾಕು, ಕೂಗುತ್ತಿದ್ದಳು: “ಕಷಾಯದ ಹಿಂದ ಎರಡು ಚೊಂಬು ನೀರು ಕುಡಿತಾರ. ಬರದ ಎಲ್ಲಿಗೆ ಹೋದೀತು? ನಳಾ ಕೆಟ್ಟೈತಿ ಅಂದ್ರ ಟಾಕಿ ತುಂಬಸಾಕ ಹತ್ಯಾರ ಇವರು!”

ನನಗಾಗ ಏನೂ ಆಗಿರಲಿಲ್ಲ. ಮುಂದೆ ಆದೀತೆಂದು ನಾನೂ ಒಂದು ವಾರ ಕುಡಿದೆ. ಪರಿಣಾಮವಾಗಿ ನಾರಾಯಣಪೇಟೆಯ ದಾರಿಯಲ್ಲಿ ಕಾಕಾನನ್ನೇ ಬೇಡಿ ಅಂಚಿನ ಸೀಟಿಗೆ ಬದಲಾಗಬೇಕಾಯಿತು.

ಪ್ರತ್ಯೇಕ ತೆಲಂಗಾಣ ರಾಜ್ಯದ ಹೋರಾಟ ಜೋರಾಗಿ ಬಸ್ಸು ನಿಂತ ದಿನಗಳವು. ಕಾಕಾಗೆ ನೆಗಡಿ ಹತ್ತಿತು. ಔಷಧದ ಅಂಗಡಿಯಲ್ಲಿ ಯಾವುದೋ ನೆಗಡಿ ಮಾತ್ರೆ ತಂದು ನುಂಗಿದರು. ಮರುದಿನ ಬೆಳಿಗ್ಗೆ ಮೂತ್ರ ಕಟ್ಟಿಕೊಂಡಿತು. ಒಂದು ಹನಿಯೂ ಇಲ್ಲ. ಅವರು ಮಾಡಿದ್ದೇನು? ನೆಚ್ಚಿನ ಕಷಾಯವನ್ನೇ ಮತ್ತೆರಡು ಲೋಟ, ಅದರ ಹಿಂದೆ ಚೊಂಬು ಚೊಂಬು ನೀರು. ಹೊತ್ತೇರುವುದರೊಳಗೆ ಕಿಬ್ಬೊಟ್ಟೆ ಕೊಡದಂತೆ ಬಿಗಿಯಿತು, ಮುಖ ಬೂದಿಯಾಯಿತು. ಕಾಕು ಕಷಾಯದ ಪಾತ್ರೆಯನ್ನು ಒಲೆಯಿಂದ ಇಳಿಸಿದಳು.

ಜೀಪು ಹಿಡಿದು ಗದ್ವಾಲಕ್ಕೆ ಹೊರಟೆವು. ಧರೂರಿನ ಹತ್ತಿರ ನಡುರಸ್ತೆಯಲ್ಲಿ ವಂಟಾ–ವಾರ್ಪು. ರಸ್ತೆಯಲ್ಲೇ ಒಲೆ ಹೂಡಿ, ಅಡುಗೆ ಮಾಡಿ, ಅಲ್ಲೇ ಉಣ್ಣುವ ಚಳುವಳಿ. ನಾನಂತೂ ಕಾಕಾನ ಮೂತ್ರಕೋಶ ಒಡೆದೇ ಹೋಯಿತೆಂದು ಲೆಕ್ಕ ಹಾಕಿ ಮುಗಿಸಿದ್ದೆ. ಒಬ್ಬ ಯುವಕ ಜೀಪಿನೊಳಗೆ ಬಗ್ಗಿ, “ತಿನಿ ಪೋ ಪೆದ್ದಾಯನಾ” ಎಂದು ತೆಲುಗಿನಲ್ಲಿ ಊಟಕ್ಕೆ ಕರೆದ. ಕಾಕಾ ಒಂದು ಕೈಯಲ್ಲಿ ಹೊಟ್ಟೆ ಹಿಡಿದು, ಇನ್ನೊಂದು ಕೈ ಎತ್ತಿ, “ಜೈ ತೆಲಂಗಾಣ… ಉಣ್ಣಾಕ ಒಳಗ ಜಾಗಾ ಇಲ್ಲಪಾ, ಮೊದಲು ಖಾಲಿ ಮಾಡಿ ಬರ್ತೀನಿ” ಎಂದರು. ನಾನು ವಿಷಯ ಬಿಡಿಸಿ ಹೇಳಿದೆ. ನಗುತ್ತಿದ್ದವರೇ ಕುದಿಯುವ ಬೇಳೆಸಾರಿನ ಹಂಡೆಯನ್ನು ಬಟ್ಟೆ ಕಟ್ಟಿ ಎತ್ತಿ ಬದಿಗಿಟ್ಟು, ಒಲೆಯ ಕಲ್ಲು ಸರಿಸಿ ದಾರಿ ಬಿಟ್ಟರು.

ಆಸ್ಪತ್ರೆಯಲ್ಲಿ ನಳಿಕೆ ಹಾಕಿದರು. ಕಾಕಾನ ಮುಖಕ್ಕೆ ಬಣ್ಣ ಮರಳುವುದನ್ನು ನಾನು ಕಣ್ಣಾರೆ ಕಂಡೆ. “ರಾಜ್ಯಕ್ಕ ಯಾವಾಗ ಬಿಡುಗಡಿ ಆಗ್ತೈತೋ, ನನಗಂತೂ ಇವತ್ತ ಆತು ತಮ್ಮಾ” ಎಂದರು. ಕಣ್ಣಲ್ಲಿ ನೀರಿತ್ತು.

ಡಾಕ್ಟರು ಕಷಾಯದ ಮಾತು ಕೇಳಿ ನಗಲೂ ಇಲ್ಲ, ಬೈಯಲೂ ಇಲ್ಲ. “ಬೀಜ, ಬೇರು, ಮುಳ್ಳು, ಭಾಳ ಮಂದಿ ತಗೋತಾರ್ರಿ. ಕೆಲವರಿಗೆ ಹಗುರ ಅನಸ್ತೈತಿ. ಆದ್ರ ಪ್ರಾಸ್ಟೇಟ್ ಗ್ರಂಥಿ ಸಣ್ಣದಾಗ್ತೈತಿ ಅನ್ನಾಕ ಗಟ್ಟಿ ಆಧಾರ ಇಲ್ಲ. ಮೂತ್ರ ಕಟ್ಟಿದಾಗ ಮ್ಯಾಲೆ ಮ್ಯಾಲೆ ನೀರು ಕುಡಿಯೂದಂತೂ ಅಪಾಯ.” ಗ್ರಂಥಿ ದೊಡ್ಡದಾದವರಿಗೆ ಕೆಲವು ನೆಗಡಿ ಮಾತ್ರೆಗಳೇ ಹೀಗೆ ದಾರಿ ಕಟ್ಟುತ್ತವಂತೆ. ಆಪರೇಷನ್ ಮಾಡಿಸಿಕೊಳ್ಳುವುದು ಒಳ್ಳೆಯದು, ತಡಮಾಡಿದರೆ ಕಿಡ್ನಿಗೆ ಪೆಟ್ಟು ಎಂದರು.

ಕೆಲವು ದಿನಕ್ಕೆ ನಳಿಕೆ ತೆಗೆದರು, ಮಾತ್ರೆ ಹಿಡಿಯಿತು. ಆಪರೇಷನ್ ಎಂದರೆ ಮಾತ್ರ ಕಾಕಾ ಹೆದರಿ, ಟವೆಲ್ ಹೆಗಲಿಗೇರಿಸಿ ಎದ್ದು ಹೊರಡುತ್ತಿದ್ದರು. ಕಾಕು ಪಟ್ಟು ಬಿಡಲಿಲ್ಲ. ಕೊನೆಗೆ ಕಾಕಾ ಓಣಿಯ ನಾಲ್ಕು ಜನರ ಮುಂದೆ ಸಾರಿದರು: “ತೆಲಂಗಾಣ ಬರ್ಲಿ. ಬಂದ ಮರುದಿನಾನ ಮಾಡಿಸ್ಕೋತೀನಿ, ಹೋಗು!” ನನ್ನ ಕಿವಿಯಲ್ಲಿ ಮಾತ್ರ, “ನಮ್ಮ ಕಾಲಕ್ಕಂತೂ ಬರಂಗಿಲ್ಲ ಬಿಡು” ಎಂದು ಕಣ್ಣು ಮಿಟುಕಿಸಿದರು. ಒಲೆಯ ಮೇಲೆ ಕಷಾಯ ಮತ್ತೆ ಏರಿತು. ಅವರ ಕಿಡ್ನಿಯ ಚಿಂತೆಯನ್ನು ಅವರ ಪರವಾಗಿ ನಾನು ಮಾಡುತ್ತಿದ್ದೆ.

ರಾಜ್ಯ ಬಂದೇ ಬಂತು. ಓಣಿ ತುಂಬ ಪಟಾಕಿ, ಗುಲಾಲು, ಪೇಡೆ. ಕಾಕಾ ಎಲ್ಲರಿಗಿಂತ ಮುಂದೆ ನಿಂತು ಕುಣಿದರು. ತಿರುಗಿ ನೋಡಿದರೆ ಕಾಕು ಆಸ್ಪತ್ರೆಗೆ ಬೇಕಾದ ಎರಡು ಲುಂಗಿ, ತಾಟು, ಲೋಟ ತುಂಬಿದ ಚೀಲ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. “ಬಂತಲ್ರೀ ತೆಲಂಗಾಣ. ನಡೀರಿ ಇನ್ನ.” ಕುಣಿಯುತ್ತಿದ್ದ ಕಾಕಾ ಎತ್ತಿದ ಕೈ ಹಾಗೇ ಉಳಿಯಿತು. ಇಡೀ ಓಣಿ ನಕ್ಕಿತು. ಪಾಪ, ಹೊಸ ರಾಜ್ಯ ಬಂದದ್ದಕ್ಕೆ ಅಷ್ಟು ಖುಷಿಯಿಂದ ಅಷ್ಟು ಹೆದರಿದವರು ಇನ್ನೊಬ್ಬರಿರಲಾರರು.

ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಕೆಲವು ತಿಂಗಳ ನಂತರ ಜುರಾಲಾದ ಮೇಲೆ, ಗೇಟು ಎತ್ತಿದ್ದಾಗ, ಕಾಕಾ ಟವೆಲನ್ನು ಮಡಿಚಿ ತೊಡೆಯ ಮೇಲಿಟ್ಟು, ಹುಡುಗನಂತೆ ನನ್ನ ಮೈಮೇಲೆ ಬಾಗಿ ಕಿಟಕಿಯಿಂದ ನೀರು ನೋಡಿದರು. ಆ ಸದ್ದು ಅಷ್ಟು ಚಂದವೆಂದು ಗೊತ್ತೇ ಇರಲಿಲ್ಲವಂತೆ… ಅಂಚಿನ ಸೀಟು ಮಾತ್ರ ಬಿಡಲಿಲ್ಲ. ರೂಢಿ.

ಮುಂದೆ ಕೆಲವು ವರ್ಷಕ್ಕೆ ಹೋದರು. ಈ ಬೇನೆಯಿಂದಲ್ಲ, ಮಧ್ಯಾಹ್ನ ಮಲಗಿದವರು ಏಳಲಿಲ್ಲ. ನಾನು ಅವರಿಗಾಗಿ ಪಟ್ಟ ಅಷ್ಟೂ ಚಿಂತೆಗಳಲ್ಲಿ ಅದೊಂದೇ ಇರಲಿಲ್ಲ.

ಮೊನ್ನೆ ಮುಳ್ಳನ್ನು ಜೇಬಿಗೆ ಹಾಕಿಕೊಂಡು ಗದ್ವಾಲದ ನಿಲ್ದಾಣಕ್ಕೆ ಬಂದೆ. ಮಕ್ತಲದ ಬಸ್ಸು ತಿರುಗುತ್ತಿತ್ತು. ಓಡಿ, ಕಿಟಕಿಯಿಂದ ಟವೆಲ್ ಎಸೆದು, ನೂಕಿಕೊಂಡು ಹತ್ತಿ ಕುಳಿತೆ. ಗಂಟು ಹೊತ್ತ ಹೆಂಗಸೊಬ್ಬಳು ಬಂದು ನಿಂತಳು.

“ಇಲ್ಲಿ ಯಾರು ಬರ್ತಾರ್ರಿ ಅಣ್ಣಾ?”

ನೋಡಿದೆ. ನಾನು ಕುಳಿತದ್ದು ಕಿಟಕಿಯ ಪಕ್ಕ. ಟವೆಲ್ ಇನ್ನೂ ಅಂಚಿನ ಸೀಟಿನ ಮೇಲೆ ಹಾಸಿಯೇ ಇತ್ತು.

“ಯಾರೂ ಇಲ್ಲವ್ವಾ, ಕೂಡ್ರು” ಎಂದು ಅದನ್ನು ಎಳೆದುಕೊಂಡೆ.

ಆ ದಿನ ತಪ್ಪಾದದ್ದು ಇಷ್ಟೇ. ಇಬ್ಬರಿಗೆ ಜಾಗ ಹಿಡಿದಿದ್ದೆ.