ತಿಕ್ಕಿ ತೊಳೆದ ತೊಟ್ಟಿಗಳು

ಮೊನ್ನೆ ಚುಚ್ಚುಮದ್ದಿಗೆ ಮುಂಚೆ ನರ್ಸ್ ನನ್ನ ತೋಳಿಗೆ ಸ್ಪಿರಿಟ್ ಒರೆಸಿದರು. ಆ ವಾಸನೆಗೆ ನಮ್ಮ ಸರ್ ಹೆಗಲಿಗೆ ಹಾಕುತ್ತಿದ್ದ ಚೀಲ ನೆನಪಾಯಿತು. ಸೊಳ್ಳೆಮರಿಗಳನ್ನು ಹಾಕಿಡಲು ಸ್ಪಿರಿಟ್ ತುಂಬಿದ ಪುಟ್ಟ ಸೀಸೆಗಳು ಅದರಲ್ಲಿ ಸದಾ ಇರುತ್ತಿದ್ದವು. ಸವಣೂರಿನ ಆ ಬೇಸಿಗೆಯಲ್ಲಿ ಮಾತ್ರ ಒಂದು ಸೀಸೆಗೂ ಕೆಲಸ ಬೀಳಲಿಲ್ಲ...

ಸರ್ ಮಲೇರಿಯಾ ಸಂಶೋಧಕರು. ನಾನು ಎಂ.ಎಸ್ಸಿ. ಮುಗಿಸಿ ಅವರ ಸಹಾಯಕಿಯಾಗಿ ಸೇರಿದ್ದೆ. ದುಂಡಸಿಯಿಂದ ಬಸ್ಸು ಬದಲಿಸಿ ದಿನಾ ಸವಣೂರಿಗೆ ಬರುತ್ತಿದ್ದೆ. ಅಲ್ಲೊಂದು ಓಣಿಯಲ್ಲಿ ಜ್ವರ ಬಂದವರ ರಕ್ತದಲ್ಲಿ ಮಲೇರಿಯಾದ ಪರಾವಲಂಬಿ ಕಾಣುತ್ತಿತ್ತು. ನಲ್ಲಿ ನೀರು ಅಪರೂಪ, ಹಾಗಾಗಿ ಮನೆಗೊಂದು ಸಿಮೆಂಟಿನ ತೊಟ್ಟಿ. ತೊಟ್ಟಿಯಲ್ಲಿ ಸೊಳ್ಳೆಮರಿ ಇದೆಯೆಂದು ವರದಿಯಾದರೆ ಮಾತ್ರ, ಮರಿ ತಿನ್ನುವ ಮೀನುಗಳನ್ನು ಆರೋಗ್ಯ ಇಲಾಖೆಯವರು ಮಳೆಗಾಲಕ್ಕೆ ಮುಂಚೆ ಆ ಓಣಿಗೆ ಕೊಡುತ್ತಿದ್ದರು.

ಸರ್ ಬಿಳಿ ಸೌಟಿನಲ್ಲಿ ನೀರೆತ್ತಿ ನೋಡುತ್ತಿದ್ದರು. ಒಂದೂ ಮರಿಯಿಲ್ಲ.

"ರಕ್ತದಾಗ ಐತಿ, ನೀರಾಗಿಲ್ಲ. ಈ ಸೊಳ್ಳಿಗೋಳು ಬ್ಯಾರೆ ಊರಾಗ ಬಾಡಿಗಿ ಮನಿ ಹಿಡಿದಾವೇನವಾ?" ಎಂದು ಮೊದಮೊದಲು ನಗಿಸಿದರು. ಆಮೇಲೆ ನಗೆ ಹೋಯಿತು. ಕನ್ನಡಕ ಒರೆಸುವುದು, ಮತ್ತೆ ಬಗ್ಗುವುದು, ಸೌಟು ಕುಕ್ಕುವುದು...

ಹೊರಗಿನ ಗಂಡಸರು ಹಿತ್ತಲಿಗೆ ಬರುವುದಾದರೆ ಮನೆಯ ಹೆಂಗಸರಿಗೆ ಮೊದಲೇ ತಿಳಿಸುವುದು ಅಲ್ಲಿಯ ಮರ್ಯಾದೆ. ಹಾಗಾಗಿ ಹಿಂದಿನ ದಿನವೇ ನಾನು ಮನೆಮನೆಗೆ ಹೋಗಿ, "ನಾಳೆ ಸಾಹೇಬ್ರು ತೊಟ್ಟಿ ನೋಡಾಕ ಬರ್ತಾರ್ರಿ" ಎಂದು ಹೇಳಿ ಬರುತ್ತಿದ್ದೆ. ಈ ಉಪಾಯ ನನ್ನದೇ. ಸರ್ ಮೆಚ್ಚಿಕೊಂಡಿದ್ದರು.

ಕೊನೆಯ ದಿನ, ಸರ್ ಹೊರಗೆ ನಿಂತಿದ್ದಾಗ, ಮೂಲೆಮನೆಯ ಚಾಚಿ ನನ್ನ ಕೈ ಹಿಡಿದು ಹೆಮ್ಮೆಯಿಂದ ಹೇಳಿದರು:

"ನೀ ಹೇಳಿ ಹೋದ ಕೂಡ್ಲೇ ಓಣಿಯವರೆಲ್ಲಾ ನೀರು ಅರಿವ್ಯಾಗ ಸೋಸಿ, ತೊಟ್ಟಿ ತಿಕ್ಕಿ ತೊಳದೇವಿ ನೋಡ ಬೇಟಿ. ದೊಡ್ಡವ್ರು ಬಂದಾಗ ನೀರಾಗ ಹುಳ ಕಂಡ್ರ ನಮ್ಮ ಮಾನ ಏನಾದೀತು?"

ನಾನೂ ನಕ್ಕೆ ಅಂತ ಕಾಣುತ್ತದೆ.

ಮರಿಗಳಿಲ್ಲ ಎಂದೇ ವರದಿ ಹೋಯಿತು. ಓಣಿಗೆ ಮೀನು ಬರಲಿಲ್ಲ. ಮಳೆ ಹಿಡಿದ ಮೇಲೆ ಚಾಚಿಯ ಬಸುರಿ ಸೊಸೆಗೆ ಜ್ವರ ಬಂತು. ಅವಳು ಉಳಿದಳು, ಕೂಸು ಉಳಿಯಲಿಲ್ಲ.

ಚಾಚಿಯ ಮಾತು ಕಿವಿಗೆ ಬೀಳುವಷ್ಟರಲ್ಲಿ ವರದಿ ಹೋಗಿಬಿಟ್ಟಿತ್ತು ಎಂದೇ ಇಷ್ಟು ವರ್ಷ ನಂಬಿದ್ದೆ. ನೆನಪಿನಲ್ಲಿ ಅದು ಸ್ಪಷ್ಟವಾಗಿಯೇ ಇತ್ತು. ನಿನ್ನೆ ಹಳೆಯ ಡೈರಿ ತೆಗೆದು ನೋಡಿದೆ. ಚಾಚಿ ಹೇಳಿದ್ದು ಸೋಮವಾರ, ವರದಿ ಕಳಿಸಿದ್ದು ಗುರುವಾರ. ನಡುವಿನ ಎರಡು ದಿನ ನಾನು ಸರ್ ಎದುರಿಗೇ ಕುಳಿತು ಅದೇ ವರದಿಯ ಅಕ್ಷರದೋಷ ತಿದ್ದಿದ್ದೇನೆ. ಬೈಸಿಕೊಳ್ಳುವ ಭಯವೋ, ಉಪಾಯ ಕೆಟ್ಟಿತೆಂಬ ನಾಚಿಕೆಯೋ... ಡೈರಿ ಅದನ್ನು ಹೇಳುವುದಿಲ್ಲ.

ಈಗಲಾದರೂ ಹೇಳೋಣವೆಂದರೆ ಸರ್ ಹೋದ ವರ್ಷ ತೀರಿಕೊಂಡರು. ತಮ್ಮ ಕಣ್ಣೇ ಮಂದವಾಗಿ ಸವಣೂರಿನ ಮರಿಗಳು ಕಾಣಲಿಲ್ಲ ಎಂದು ಕೊನೆಯವರೆಗೂ ಹೇಳಿಕೊಳ್ಳುತ್ತಿದ್ದರಂತೆ.