ಕಬ್ಬಿಣದ ಮೊನೆಯ ಕೋಲು

ಹಾರನಹಳ್ಳಿ ಬಳಿಯ ಗುಡ್ಡದ ಬುಡದಲ್ಲಿ ಮಜ್ಜಿಗೆ ಮಾರುವ ಗಂಗಮ್ಮ, ಹತ್ತುವವರ ಕಾಲು ನೋಡಿ ದಾರಿ ಹೇಳುತ್ತಾಳೆ. ನಿಶ್ಶಕ್ತರಿಗೆ ಮೆಟ್ಟಿಲು, ಗಟ್ಟಿಗರಿಗೆ ಬಂಡೆ. ದಾರಿಗೆ ತಕ್ಕ ಕೋಲನ್ನೂ ಕೊಡುತ್ತಾಳೆ. ನನಗೆ ಮೆಟ್ಟಿಲು ಎಂದಳು. ನಾನು ರೇಗಿ, ಬಂಡೆಗೆಂದು ಇಟ್ಟಿದ್ದ ಕಬ್ಬಿಣದ ಮೊನೆಯ ಕೋಲನ್ನೇ ಎತ್ತಿಕೊಂಡೆ.

"ಅದನ್ನ ತಗಂಡೋದೋರು ಇಳ್ದು ಬರ್ಲಿಲ್ಲ ಸ್ವಾಮಿ. ಕೋಲು ಸಿಕ್ತು, ಅಷ್ಟೆ."

ಅರ್ಧ ಬಂಡೆ ಹತ್ತಿ, ಕೋಲನ್ನು ಪಕ್ಕಕ್ಕಿಟ್ಟು ಬೆವರು ಒರೆಸಿಕೊಳ್ಳುತ್ತಿದ್ದೆ. ಸುಡುವ ಮಧ್ಯಾಹ್ನ, ಬೋಳು ಬಂಡೆಯ ಮೇಲೆ ಒಂದು ಹಕ್ಕಿಯೂ ಇಲ್ಲ. ಆದರೂ ಕಬ್ಬಿಣದ ಮೊನೆ ಊರುತ್ತ ಯಾರೋ ಮೇಲಿನಿಂದ ಇಳಿದು ಬರುವ ಸದ್ದು. ನನ್ನ ಕೋಲು ಅಲುಗದೆ ಬಿದ್ದಿತ್ತು. ಅದನ್ನೆತ್ತಿಕೊಂಡು, ಹಿಂದೆ ತಿರುಗದೆ ಇಳಿದುಬಿಟ್ಟೆ.

ಗಂಗಮ್ಮ ಎರಡು ಲೋಟ ಮಜ್ಜಿಗೆ ಬಗ್ಗಿಸಿದಳು. ಒಂದನ್ನು ನನಗೆ ಕೊಟ್ಟು, ಇನ್ನೊಂದನ್ನು ನನ್ನ ಹೆಗಲಾಚೆಗೆ ಚಾಚಿದಳು.

"ತಗಳಿ ಸ್ವಾಮಿ, ಬಾಳ ದಿನ ಆಯ್ತು."